ಟೈಲರಪ್ಪನ ಯೋಧೆ

ಮಗಳ ಕಂಪ್ಯೂಟರಿನ ಮುಂದೆ ವಿಡಿಯೋ ಗೇಮ್ ಆಡಲು ಕೂತರೂ ಟೈಲರಪ್ಪನ ಕೊರಳಿನಿಂದ ಅಳತೆ ಟೇಪು ಇಳಿಯುವುದಿಲ್ಲ. ಅವರ ಯೋಧೆ ಯುದ್ಧಕ್ಕೆ ಹೊರಡುವ ಮೊದಲು ಹತ್ತು ಉಡುಪು ಬದಲಿಸಲೇಬೇಕು. ಚರ್ಮದ ಅಂಗಿ ತೊಡಿಸಿದರೆ ಕಳ್ಳಿಯ ಹಾಗೆ ಕಾಣುತ್ತಾಳೆ, ನಿಲುವಂಗಿ ತೊಡಿಸಿದರೆ ರಾಣಿ. ಉಕ್ಕಿನ ಕವಚ ಬಂದರಂತೂ ಮೂಗು ಮುರಿಯುತ್ತಾರೆ: "ಕಂಕುಳಲ್ಲಿ ಇಷ್ಟು ಬಿಗಿ ಇಟ್ರೆ ಕತ್ತಿ ಹೆಂಗಮ್ಮ ಎತ್ತೋದು? ಯಾವನು ಹೊಲ್ದಿದ್ದು ಇದನ್ನ?" ಕೊನೆಗೆ ಕವಚ, ಕೈಗವಸು ಎಲ್ಲ ತೊಡಿಸಿದರೂ ಹೆಲ್ಮೆಟ್ ಮಾತ್ರ ಮುಟ್ಟುವುದಿಲ್ಲ. ಕೋಟೆಬಾಗಿಲಲ್ಲಿ ತಲೆಗೆ ಕಲ್ಲು ಬಿದ್ದು ಯೋಧೆ ಸಾಯುತ್ತಾಳೆ. ಮೂರು ವಾರದಿಂದ ಇದೇ ಕಥೆ. "ಹೆಲ್ಮೆಟ್ ಹಾಕಪ್ಪ, ಗೆಲ್ತೀಯ," ಎಂದು ಇವತ್ತೂ ಮಗಳು ಗೋಗರೆದಳು. "ಹಾಕಿದ್ರೆ ಮುಖಾನೇ ಕಾಣಲ್ವಲ್ಲಮ್ಮ," ಎಂದರು. ಆಗ ಅವಳು ಮೊದಲ ಸಲ ಪರದೆಯತ್ತ ಬಗ್ಗಿ ನೋಡಿದಳು. ಆಟದ ಶುರುವಿನಲ್ಲಿ ಕಣ್ಣು, ಮೂಗು ಒಂದೊಂದೇ ಆರಿಸಿ ಆ ಮುಖವನ್ನು ಅಪ್ಪನೇ ಕೂತು ಜೋಡಿಸಿದ್ದರು. ಅಗಲ ಹಣೆ, ಎಡಗೆನ್ನೆಯ ಮಚ್ಚೆ, ಎಲ್ಲ ತೀರಿಕೊಂಡ ಅಮ್ಮನದೇ. ಮಗಳು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತಳು. "ಸರಿ, ಇನ್ನೊಂದ್ಸಲ ಶುರು ಮಾಡು. ಮೇಲಿಂದ ಕಲ್ಲು ಬಂದ್ರೆ ನಾನು ಕೂಗ್ತೀನಿ, ನೀನು ಅಮ್ಮನ್ನ ಪಕ್ಕಕ್ಕೆ ಎಳ್ಕೋ."