ಫ್ರಾನ್ಸನ್ನು ಹಿಂದಿನಿಂದ ನೋಡಿದ ಗದಿಗೆಪ್ಪ

ಒಂಟಾರಿಯೋದ ವಿಟ್ಬಿಯಲ್ಲಿ ಬೆಳಗಿನ ಐದೂ ಇಪ್ಪತ್ತು. ಮೇ ತಿಂಗಳು ಬಂದಿದೆ ಎಂಬುದು ಕ್ಯಾಲೆಂಡರಿಗೆ ಗೊತ್ತು, ಪತ್ರಿಕೆಗೆ ಬರೆಯಲು ಬಂದಿರುವ ನನ್ನ ಬೆರಳುಗಳಿಗೆ ಇನ್ನೂ ಯಾರೂ ಹೇಳಿಲ್ಲ. 401ನೇ ಹೆದ್ದಾರಿಯ ಪಕ್ಕದ ಈ ಬಯಲಿನಲ್ಲಿ ಇನ್ನೂ ನೂರಾ ನಲವತ್ತು ಕ್ಯಾರವಾನ್‌ಗಳು ಸಾಲಾಗಿ ನಿಂತಿವೆ. ಒಳಗೆ ಮಂಚ, ಒಲೆ, ಕಕ್ಕಸು ಎಲ್ಲ ಇರುವ, ಕಾರಿನ ಹಿಂದೆ ಸಿಕ್ಕಿಸಿಕೊಂಡು ಊರೂರು ಎಳೆದೊಯ್ಯುವ ಗಾಲಿಮನೆಗಳು. ಎರಡು ಸಾಲುಗಳ ನಡುವೆ ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತಿರುವ ಐವತ್ತಾರು ವರ್ಷದ ಗದಿಗೆಪ್ಪ, ಟೂಲ್ ಬಾಕ್ಸಿಗೆ ಒರಗಿಸಿದ ಫೋನನ್ನು ಗದರುತ್ತಿದ್ದಾರೆ.

"ಬ್ರೇಕ್ ಒತ್ರಿ ಡಾಕ್ಟರ! ಒತ್ತೀರೇನು? ಹಾಂ. ಈಗ ಗಾಡಿ ಪಾರ್ಕಿಗೆ ಹಾಕಿ, ಇಳದು ಹಿಂದ ನೋಡಿ ಬರ್ರಿ."

"ಕ್ಯಾಮೆರಾದಾಗ ಎಲ್ಲಾ ಕ್ಲಿಯರ್ ಐತಿ, ಗದಿಗೆಪ್ಪಣ್ಣ!"

"ಕ್ಯಾಮೆರಾಕ್ಕ ಕಾಲಿಲ್ರಿ, ನಿಮಗ ಅದಾವು. ಇಳೀರಿ."

ಫೋನಿನ ಆ ತುದಿಯಲ್ಲಿ ಫ್ರಾನ್ಸ್. ಅಲ್ಲಿ ಹನ್ನೊಂದೂ ಇಪ್ಪತ್ತರ ಬಿಸಿಲು. ಎಟೋಬಿಕೋಕ್‌ನ ದಂತವೈದ್ಯರಾದ ಹುಬ್ಬಳ್ಳಿಯ ಆನಂದಕುಮಾರ, ಕಾರೂ ಕ್ಯಾರವಾನೂ ಬಾಡಿಗೆಗೆ ಹಿಡಿದು ಆ ದೇಶ ಸುತ್ತಲು ಹೋಗಿ, ಯಾವುದೋ ಹಳ್ಳಿಯ ಓಣಿಯೊಳಗೆ ನುಗ್ಗಿಬಿಟ್ಟಿದ್ದಾರೆ. ಓಣಿ ಒಂದು ಬಾವಿಯ ಕಟ್ಟೆಗೆ ಬಂದು ಮುಗಿದಿದೆ. ಮುಂದೆ ಹೋಗುವಂತಿಲ್ಲ, ತಿರುಗಿಸುವಂತೆಯೂ ಇಲ್ಲ. ಉಳಿದಿರುವುದು ರಿವರ್ಸು ಮಾತ್ರ. ದಿನವಿಡೀ ಪುಟ್ಟ ಕನ್ನಡಿಯಲ್ಲಿ ತಿರುವುಮುರುವಾಗಿ ನೋಡುತ್ತ ಹಲ್ಲು ಕೊರೆಯುವ ಡಾಕ್ಟರಿಗೆ ಕಾರಿನ ಕನ್ನಡಿ ನೋಡಿದರೆ ಬೆವರು ಬರುತ್ತದೆ.

ವೈದ್ಯರ ಹೆಂಡತಿ ಸೌಮ್ಯಾ ಫೋನು ಹಿಡಿದು ಹಿಂದಕ್ಕೆ ಓಡುತ್ತಾರೆ. ಪರದೆಯ ಮೇಲೆ ಕಲ್ಲಿನ ಗೋಡೆ, ಕಸದ ಡಬ್ಬಿ, ಆಮೇಲೆ ಕ್ಯಾರವಾನಿನ ಬೆನ್ನಿಗೆ ಸರಿಯಾಗಿ ಕುರ್ಚಿ ಹಾಕಿಕೊಂಡು ತಮಾಷೆ ನೋಡುತ್ತ ಕೂತಿರುವ ಒಬ್ಬ ಮುದುಕ.

"ಅಯ್ಯೋ, ಇಲ್ಲೊಬ್ರು ಅಜ್ಜಾರು ಕುಂತಾರ!" ಸೌಮ್ಯಾ ಚೀರುತ್ತಾರೆ. "ಕ್ಯಾಮೆರಾದಾಗ ಕಂಡೇ ಇಲ್ಲ!"

"ಅದಕ್ಕ ಇಳೀರಿ ಅಂದದ್ದು, ಅಕ್ಕಾರ. ಅವ್ರಿಗೆ ಕೈ ಮುಗದು ಕುರ್ಚಿ ಸರಸಾಕ ಹೇಳ್ರಿ. ಡಾಕ್ಟರ, ನೀವು ಸ್ಟೇರಿಂಗಿನ ಕೆಳಗ ಕೈ ಹಿಡೀರಿ. ಹಿಂದಿನ ಗಾಲಿ ಡಬ್ಬಿ ಯಾ ಕಡೆ ಹೋಗಬೇಕೋ ಆ ಕಡೆ ಕೈ ಸರಸ್ರಿ. ಸಾವಕಾಶ. ಹಲ್ಲು ಕೀಳಾಕ ಹೊಂಟಿಲ್ಲ ನೀವು."

ಇಪ್ಪತ್ತೆರಡು ನಿಮಿಷ ಹಿಡಿಯುತ್ತದೆ. ಕೊನೆಗೆ ಕ್ಯಾರವಾನು ದೊಡ್ಡ ರಸ್ತೆಗೆ ಬಾಲ ಚಾಚಿದಾಗ ಫೋನಿನೊಳಗಿಂದ ಚಪ್ಪಾಳೆ ಕೇಳುತ್ತದೆ. ಇಡೀ ಓಣಿ ಸೇರಿದಂತಿದೆ. ಗದಿಗೆಪ್ಪ ಫೋನು ಜೇಬಿಗಿಟ್ಟು, ಏನೂ ಆಗಿಯೇ ಇಲ್ಲವೆಂಬಂತೆ ಒಂದು ಚಕ್ರಕ್ಕೆ ಗಾಳಿ ತುಂಬಲು ಏಳುತ್ತಾರೆ.

ಇದು ಅವರ ಸಂಬಳದ ಕೆಲಸವಲ್ಲ. ಅದು ಆರಕ್ಕೆ ಶುರುವಾಗುತ್ತದೆ. ಜನ ಚಳಿಗಾಲಕ್ಕೆ ಇಲ್ಲಿ ಬಿಟ್ಟುಹೋದ ಕ್ಯಾರವಾನ್‌ಗಳನ್ನು ಏಪ್ರಿಲ್‌ನಿಂದ ಒಂದೊಂದಾಗಿ ಎಬ್ಬಿಸಬೇಕು. ದಿನಕ್ಕೆ ಹನ್ನೊಂದು. ಪ್ರತಿಯೊಂದರ ಚಕ್ರ, ದೀಪ, ಕೊಂಡಿ ನೋಡಿ, ನಲ್ಲಿಯೊಳಗೆ ನೀರು ಹೆಪ್ಪುಗಟ್ಟದಿರಲೆಂದು ತುಂಬಿಸಿಟ್ಟ ಗುಲಾಬಿ ದ್ರಾವಣ ಹೊರಹಾಕಿ, ಮಂಚದ ಕೆಳಗೆ ಸಂಸಾರ ಹೂಡಿದ ಇಲಿಗಳಿಗೆ ಬೇರೆ ದಾರಿ ತೋರಿಸಿ, ಸಾಲಿನಿಂದ ಹೊರಗೆ ತಂದು ನಿಲ್ಲಿಸಬೇಕು. ಅಕ್ಟೋಬರಿನಲ್ಲಿ ಇದೆಲ್ಲ ಉಲ್ಟಾ. ದಿನಕ್ಕೆ ಕಡಿಮೆಯೆಂದರೂ ಮೂವತ್ತು ಸಲ ಹಿಂದೆ ಹೋಗುತ್ತಾರೆ. ಮೊನ್ನೆ ನಾನೇ ಅಳತೆ ಪಟ್ಟಿ ಹಿಡಿದು ನೋಡಿದೆ: ಎರಡು ಕ್ಯಾರವಾನ್‌ಗಳ ನಡುವೆ ಅವರು ಬಿಡುವ ಸಂದು ಒಂದು ಗೇಣು. ನಾನು ಸೀರೆಯುಟ್ಟು ಆ ಸಂದಿಯಲ್ಲಿ ನುಸುಳಲಾರೆ.

ಈ ವಿದ್ಯೆ ಗೋಕಾಕ ಸೀಮೆಯದು. ಗದಿಗೆಪ್ಪ ಹದಿನೇಳು ವರ್ಷ ಸಕ್ಕರೆ ಕಾರ್ಖಾನೆಗೆ ಕಬ್ಬು ಸಾಗಿಸಿದವರು. ಟ್ರ್ಯಾಕ್ಟರಿನ ಹಿಂದೆ ಒಂದಲ್ಲ, ಎರಡು ಡಬ್ಬಿ, ಅಂದರೆ ಟ್ರೇಲರು. ಮೊದಲನೆಯದು ಎಡಕ್ಕೆ ಹೋದರೆ ಎರಡನೆಯದು ಬಲಕ್ಕೆ ಹೋಗುತ್ತದೆ. "ಅಂಥಾದ್ದನ್ನ ರಿವರ್ಸ್ ತಗೊಂಡು ಕಾರ್ಖಾನ್ಯಾಗ ಹಚ್ಚತಿದ್ದೆ ಮೇಡಮ್ಮಾರ. ಇದೇನ್ರಿ, ಒಂದ ಡಬ್ಬಿ. ಅದೂ ಒಳಗ ಗಾದಿ ಹಾಸಿದ್ದು" ಎಂದು ನಗುತ್ತಾರೆ. 2008ರಲ್ಲಿ ಹೆಂಡತಿ ಗುರುಬಸವ್ವನ ಅಣ್ಣ ಕರೆಸಿಕೊಂಡ ಮೇಲೆ ಮೂರು ವರ್ಷ ಗೋದಾಮಿನಲ್ಲಿ ಪೆಟ್ಟಿಗೆ ಎತ್ತಿದರು. ಸೊಂಟ ಹಿಡಿಯಿತು. ಇಲ್ಲಿಗೆ ಬಂದದ್ದು ಕ್ಯಾರವಾನ್ ತೊಳೆಯುವ ಕೆಲಸಕ್ಕೆ. ಒಂದು ದಿನ ಗಿರಾಕಿಯೊಬ್ಬ ಮುಕ್ಕಾಲು ಗಂಟೆ ಒದ್ದಾಡಿ ಬೇಲಿಗೆ ಗುದ್ದುವುದರಲ್ಲಿದ್ದ. ಗದಿಗೆಪ್ಪ ಕೈಯ ಸೋಪಿನ ನೊರೆ ಒರೆಸಿಕೊಂಡು ಕೀ ಕೇಳಿದರು. ಒಂದೂವರೆ ನಿಮಿಷದ ಕೆಲಸ. ಮಾಲೀಕ ಅವತ್ತೇ ಅವರ ಕೈಯಿಂದ ಪೊರಕೆ ಕಿತ್ತುಕೊಂಡು ಕೀಗೊಂಚಲು ಕೊಟ್ಟ.

ಸುದ್ದಿ ನಮ್ಮ ಜನಕ್ಕೆ ಮುಟ್ಟಲು ಎಷ್ಟು ಹೊತ್ತು? 2016ರಲ್ಲಿ ನಾರ್ತ್ ಯಾರ್ಕ್‌ನ ಒಂದು ಕುಟುಂಬ ಕ್ಯಾರವಾನ್ ಎಳೆದುಕೊಂಡು ಫ್ರಾನ್ಸ್ ಸುತ್ತಿ ಬಂದು, ಮುಂದಿನ ಯುಗಾದಿಯ ಕೂಟದಲ್ಲಿ ನಾನೂರು ಫೋಟೋ ತೋರಿಸಿತು. ಹೋಳಿಗೆ ಆರಿಹೋಯಿತು, ಫೋಟೋ ಮುಗಿಯಲಿಲ್ಲ. ಒಬ್ಬರು ಹೋಗಿ ಬಂದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಅಲ್ಲಿಂದಾಚೆ ಭಾನುವಾರ ಬೆಳಿಗ್ಗೆ ಈ ಬಯಲಿನಲ್ಲಿ ಗದಿಗೆಪ್ಪನ ಪಾಠ. ಮೂರು ಭಾನುವಾರದ ಕೋರ್ಸು. ಗುರುದಕ್ಷಿಣೆ ಒಂದು ಡಬ್ಬಿ ಶೇಂಗಾ ಚಟ್ನಿ, ಇಲ್ಲವೇ ಏನೂ ಇಲ್ಲ. ನಿಯಮ ಮಾತ್ರ ಒಂದೇ: "ಅನುಮಾನ ಬಂದ್ರ ಇಳದು ನೋಡ್ರಿ. ಅನುಮಾನ ಬರದಿದ್ರೂ ಇಳದು ನೋಡ್ರಿ." ಆನಂದಕುಮಾರ ಒಂದೇ ಭಾನುವಾರ ಬಂದು, "ಐ ಗಾಟ್ ಇಟ್, ಗದಿಗೆಪ್ಪಣ್ಣ" ಎಂದು ಹೋದವರು. ಅಂಥವರಿಗೂ ಇವರು ತಮ್ಮ ನಂಬರು ಕೊಟ್ಟು, ಸಿಕ್ಕಿಹಾಕಿಕೊಂಡರೆ ಫೋನ್ ಮಾಡಿ ಎಂದಿದ್ದಾರೆ. ಮಾಡಿದ ತಪ್ಪು ಅದೊಂದೇ. ಇವತ್ತಿನದು ಫ್ರಾನ್ಸಿನಿಂದ ಬಂದ ಹನ್ನೆರಡನೆಯ ಫೋನು.

ಹಾಗಾಗಿ ಫ್ರಾನ್ಸಿಗೆ ಕಾಲಿಡದ ಈ ಮನುಷ್ಯನಿಗೆ ಆ ದೇಶದ ಹಿತ್ತಿಲೆಲ್ಲ ಪರಿಚಯ. "ಫ್ರಾನ್ಸ್ ನಾ ಪೂರಾ ಹಿಂದಿಂದ ನೋಡೀನ್ರಿ" ಎನ್ನುತ್ತಾರೆ. ಮನೆಯಲ್ಲಿ ಗುರುಬಸವ್ವ ಇದನ್ನೇ ಬೇರೆ ದನಿಯಲ್ಲಿ ಹೇಳುತ್ತಾರೆ: "ಇವ್ರು ನನಗ ಫೋನಿನ್ಯಾಗ ತೋರ್ಸೂದು ಬರೇ ಗ್ವಾಡಿ, ಗಟಾರ, ಕಸದ ಡಬ್ಬಿ. ಇವನ್ನ ನೋಡಾಕ ಫ್ರಾನ್ಸ್ ಯಾಕ ಬೇಕ್ರಿ?"

ಆಕೆಗೆ ನೋಡಬೇಕಿರುವುದು ಸೂರ್ಯಪಾನ, ಅಂದರೆ ಸೂರ್ಯಕಾಂತಿ. ನಾರ್ತ್ ಯಾರ್ಕ್‌ನವರ ನಾನೂರು ಫೋಟೋಗಳಲ್ಲಿ ಒಂದರಲ್ಲಿ, ರಸ್ತೆಯ ಎರಡೂ ಕಡೆ ಕಣ್ಣು ಹಾಯುವಷ್ಟು ದೂರ ಅದು ಅರಳಿತ್ತಂತೆ. ತವರಿನ ಹೊಲದಲ್ಲೂ ಹಾಕುತ್ತಿದ್ದರು, ಆದರೆ ಗಿಳಿ ಓಡಿಸುವ ಕೆಲಸದಲ್ಲಿ ಹೂವು ನೋಡಲು ಪುರುಸೊತ್ತು ಸಿಗಲಿಲ್ಲ. "ಒಮ್ಮೆ ಸುಮ್ನ ಕುಂತು ನೋಡಬೇಕ್ರಿ. ಗಿಳಿ ತಿಂದ್ರ ತಿನ್ಲಿ, ನಮ್ಮ ಹೊಲ ಅಲ್ಲ" ಎನ್ನುತ್ತಾರೆ ಗುರುಬಸವ್ವ. ಹೂವು ಅರಳುವುದು ಜುಲೈಯಲ್ಲಿ. ಮದುವೆಯಾಗಿ ಮೂವತ್ತು ವರ್ಷ ತುಂಬುವುದೂ ಜುಲೈಯಲ್ಲಿ. ಗದಿಗೆಪ್ಪ ಕರೆದುಕೊಂಡು ಹೋಗುತ್ತೇನೆಂದು ಮಾತು ಕೊಟ್ಟಿದ್ದಾರೆ. ಮಾಲೀಕ ಎರಡು ವಾರ ರಜೆ ಕೊಟ್ಟಿದ್ದಾನೆ, ವೀಸಾ ಬಂದಿದೆ, ಕ್ಯಾರವಾನ್ ಗೊತ್ತುಮಾಡಿ ಆಗಿದೆ.

ಅಡ್ಡಿ ಒಂದೇ. ಬಾಡಿಗೆ ಕಂಪನಿ ಪೂರ್ತಿ ಲೈಸೆನ್ಸು ಕೇಳುತ್ತದೆ, ಒಂಟಾರಿಯೋದವರು 'ಜಿ' ಎನ್ನುವುದು. ಗದಿಗೆಪ್ಪನ ಹತ್ತಿರ ಇರುವುದು ಅದರ ಕೆಳಗಿನ ಮೆಟ್ಟಿಲು. ಮೇಲಿನದಕ್ಕೆ ಹೆದ್ದಾರಿಯಲ್ಲಿ ಓಡಿಸಿ ತೋರಿಸಬೇಕು. ಹನ್ನೆರಡು ಕ್ಯಾರವಾನ್‌ಗಳನ್ನು ಸಮುದ್ರದಾಚೆಯಿಂದ ಹಿಂದಕ್ಕೆ ತೆಗೆಸಿದ ಈ ಮಹಾಶಯರು ಮುಂದಕ್ಕೆ ಓಡಿಸುವ ಪರೀಕ್ಷೆಯಲ್ಲಿ ಮೂರು ಸಲ ಡುಮ್ಕಿ ಹೊಡೆದಿದ್ದಾರೆ.

ಮೊದಲ ಸಲ ಟ್ರ್ಯಾಕ್ಟರಿನ ಚಾಳಿ ಕೈಕೊಟ್ಟಿತು. ನಿಮಿಷಕ್ಕೊಮ್ಮೆ ಕತ್ತು ತಿರುಗಿಸಿ, ಹಿಂದೆ ಇಲ್ಲದ ಡಬ್ಬಿ ಬರುತ್ತಿದೆಯೇ ಎಂದು ನೋಡಿದರು. ಎರಡನೇ ಸಲ ನೂರರ ರಸ್ತೆಯಲ್ಲಿ ಐವತ್ತೈದರ ಮೇಲೆ ಹೋಗಲಿಲ್ಲ. ಮೂರನೇ ಸಲ ಹೆದ್ದಾರಿ ಸೇರುವ ಜಾಗದಲ್ಲಿ ಗಾಡಿ ಪೂರಾ ನಿಲ್ಲಿಸಿ, ಹಿಂದಿನಿಂದ ಬರುತ್ತಿದ್ದ ಲಾರಿಯವನಿಗೆ 'ನೀ ಮೊದಲು ಹೋಗಪ್ಪಾ' ಎಂದು ಕೈ ಮಾಡಿದರು. "ಅವಂಗ ಅವಸರ ಇತ್ತು, ನಮಗೇನಿತ್ರಿ?" ಎಂದು ಈಗಲೂ ವಾದಿಸುತ್ತಾರೆ.

ನಾಲ್ಕನೆಯ ಪರೀಕ್ಷೆ ಜೂನ್ ಎರಡನೇ ವಾರ. ಇದು ತಪ್ಪಿದರೆ ಜುಲೈಗೆ ಮುಂಚೆ ಬೇರೆ ದಿನಾಂಕವಿಲ್ಲ. ಆ ದಿನ ನಾನೂ ಹೋಗಿ ಪರೀಕ್ಷಾ ಕೇಂದ್ರದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತೇನೆ. ಬರೆಯುವವಳು ಯಾರ ಪರವೂ ಇರಬಾರದು ಎನ್ನುತ್ತಾರೆ. ನಾನು ಬಸವಣ್ಣನಿಗೆ ಹರಕೆ ಹೊತ್ತಿದ್ದೇನೆ.

ಅರ್ಧ ಗಂಟೆಯ ಮೇಲೆ ಗದಿಗೆಪ್ಪ ಒಳಗೆ ಬರುತ್ತಾರೆ. ಮುಖ ನೋಡಿದರೇ ಗೊತ್ತಾಗುತ್ತದೆ.

"ಹೆದ್ದಾರಿ ಪಾಸ್ರೀ" ಎನ್ನುತ್ತಾರೆ. "ತೊಂಬತ್ತೆಂಟರಾಗ ಹೊಡದೆ. ಒಮ್ಮೀನೂ ಹಿಂದ ನೋಡ್ಲಿಲ್ಲ."

"ಮತ್ತೇನಾಯ್ತು?"

"ಕಡೀಕ ಎರಡು ಕಾರಿನ ನಡುವ ರಿವರ್ಸ್ ಹಚ್ರಿ ಅಂದ್ಳು ಪರೀಕ್ಷಾದಾಕಿ. ಅರ್ಧ ತಗೊಂಡೆ. ಅನುಮಾನ ಬಂತು." ನೆಲ ನೋಡುತ್ತಾರೆ. "ಇಳದು ನೋಡಿದೆ."

ಪರೀಕ್ಷಕಿಯನ್ನು ಕಾರಿನೊಳಗೇ ಬಿಟ್ಟು, ಬಾಗಿಲು ತೆಗೆದು, ಹಿಂದೆ ಹೋಗಿ, ಬಗ್ಗಿ, ಗೇಣು ಹಾಕಿ ಅಳೆದು ಬಂದಿದ್ದಾರೆ. ಬರುವಷ್ಟರಲ್ಲಿ ಆಕೆ ಬರೆದು ಮುಗಿಸಿದ್ದಳು: ಪರೀಕ್ಷೆಯ ನಡುವೆ ಚಾಲಕ ವಾಹನ ಬಿಟ್ಟು ಹೋದರು. ನನಗೆ ನಗು ಉಕ್ಕಿ ಬರುತ್ತದೆ. ಬಾಡಿಗೆಗೆ ತಂದ ಕಾರನ್ನು ಮರಳಿಸಿ ಇಬ್ಬರೂ ಬಸ್ಸಿನಲ್ಲಿ ಅವರ ಮನೆಗೆ ಹೊರಡುತ್ತೇವೆ. ಇಳಿಯುವಾಗ ಅವರು, "ಮನ್ಯಾಗ ಆಕಿಗೆ ಏನಂತ ಹೇಳ್ಲಿ?" ಎಂದು ಕೇಳುತ್ತಾರೆ.

ಹೇಳುವ ಅಗತ್ಯ ಬೀಳುವುದಿಲ್ಲ. ಗುರುಬಸವ್ವ ಬಾಗಿಲಲ್ಲೇ ಗಂಡನ ಮುಖ ಓದಿಕೊಂಡು ಒಳಗೆ ಹೋಗುತ್ತಾರೆ. ರೊಟ್ಟಿ, ಎಣ್ಣೆಗಾಯಿ ಬಡಿಸುತ್ತಾರೆ. ಆಮೇಲೆ ಜೋಳದ ಹಿಟ್ಟಿನ ಡಬ್ಬಿಯ ಕೆಳಗಿಂದ ಮಡಚಿದ ಕಾಗದವೊಂದನ್ನು ತೆಗೆದು ತಟ್ಟೆಯ ಪಕ್ಕ ಇಡುತ್ತಾರೆ. ಅದು 'ಜಿ' ಲೈಸೆನ್ಸು. ಹೆಸರು ಗುರುಬಸವ್ವನದು.

"ಮೂರ ವಾರ ಆತು" ಎನ್ನುತ್ತಾರೆ, ರೊಟ್ಟಿ ಮುರಿಯುತ್ತ. ಏಜಾಕ್ಸ್‌ನ ಬಿಸ್ಕತ್ತು ಫ್ಯಾಕ್ಟರಿಗೆ ಜೊತೆಯಲ್ಲಿ ಹೋಗುವ ಗೆಳತಿ ಅರುಂಧತಿಯ ಕಾರನ್ನು ದಿನಾ 401ರಲ್ಲಿ ತಾನೇ ಓಡಿಸಿ ರೂಢಿ ಮಾಡಿಕೊಂಡಿದ್ದರಂತೆ. "ಒಂದ ಸಲಕ್ಕ ಆತು. ನೀವು ಪಾಸಾದ್ರ ತೋರ್ಸೂದ ಬ್ಯಾಡ ಅಂತ ಮಾಡಿದ್ದೆ."

ಗದಿಗೆಪ್ಪ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡುತ್ತಾರೆ. ನಾನು ಎಣ್ಣೆಗಾಯಿಯಲ್ಲಿ ತುಂಬಾ ಆಸಕ್ತಿ ಇರುವವಳಂತೆ ಕೂರುತ್ತೇನೆ.

"ಎಷ್ಟರಾಗ ಹೊಡದಿ?"

"ನೂರರಾಗ."

"ಹಿಂದ ನೋಡಿದ್ಯೇನು?"

"ಕನ್ನಡಿ ಐತಲ್ರಿ. ಹೊಳ್ಳಿ ನೋಡಾಕ ಹಿಂದ ಏನಿತ್ತು?"

ಕೊನೆಗೂ ಗದಿಗೆಪ್ಪ ನಗುತ್ತಾರೆ. ಕೈ ತೊಳೆದು ಬಂದು ಫ್ರಾನ್ಸಿನ ನಕ್ಷೆ ಬಿಡಿಸುತ್ತಾರೆ. ಇಳಿಯಲಿರುವ ಆರು ಕ್ಯಾಂಪಿನ ಜಾಗಗಳಿಗೂ ಅವರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿಟ್ಟಿದ್ದಾರೆ. ಪ್ರತಿಯೊಂದರ ಪಕ್ಕ ಯಾವ ಕಡೆಯಿಂದ ರಿವರ್ಸು ತೆಗೆದುಕೊಳ್ಳಬೇಕೆಂಬ ಬಾಣದ ಗುರುತೂ ಇದೆ. ನಡುವಿನ ರಸ್ತೆಗಳ ಮೇಲೆ ಒಂದು ಗೀಟೂ ಇಲ್ಲ.

ಗುರುಬಸವ್ವ ಕೈ ಚಾಚಿ ಪೆನ್ನು ತೆಗೆದುಕೊಂಡು ಆ ರಸ್ತೆಗಳನ್ನು ಒಂದೊಂದಾಗಿ ತೀಡತೊಡಗುತ್ತಾರೆ. ಗದಿಗೆಪ್ಪ ನನ್ನ ಕಡೆ ತಿರುಗುತ್ತಾರೆ. ಬೆನ್ನು ನೆಟ್ಟಗಾಗಿದೆ.

"ಬರ್ಕೋರಿ ಮೇಡಮ್ಮಾರ. ಸಾವಿರದ ನಾಕನೂರು ಕಿಲೋಮೀಟರ್ ಆಕೀದು. ಕಡೀ ಇಪ್ಪತ್ತು ಫೂಟು ನಂದು."