ಇನ್ನೊಬ್ಬರು ಬೇಡದ ಸ್ಟ್ಯಾಂಡು

ಭೀಮಬಾಯಿ ಸಿಸ್ಟರ್ ಮೋಟರ್‌ಸೈಕಲ್ ಹತ್ತುವ ಮುಂಚೆ ಬಿಳಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುವ ರೀತಿ ನೋಡಿದರೆ ಜಗಳಕ್ಕೆ ಹೊರಟವರಂತೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಅವರು ದಿನವೂ ಜಗಳಕ್ಕೇ ಹೊರಡುತ್ತಿದ್ದರು. ಶಹಾಪುರದ ಸುತ್ತಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸುವುದು, ಮಕ್ಕಳಿಗೆ ಸೂಜಿ ಹಾಕುವುದು ಅವರ ಸರ್ಕಾರಿ ನೌಕರಿ. ಬಸ್ಸಿಗೆ ಕಾಯುವುದು ಅವರ ಜಾಯಮಾನವಲ್ಲ. ಹಾಗಾಗಿ ಯಾರದೋ ಕೊಟ್ಟಿಗೆಯಲ್ಲಿ ಧೂಳು ತಿನ್ನುತ್ತಿದ್ದ, ಆಗಲೇ ಮುದಿಯಾಗಿದ್ದ ಒಂದು ಬುಲೆಟ್ ಕೊಂಡು ತಂದರು. ಹೆಣ್ಣು ಮಗಳಿಗೆ ಇಂಥ ಗಾಡಿ ಯಾಕೆ ಎಂದು ಕೇಳಿದವರಿಗೆ, ಗಾಡಿ ಕೇಳಿಲ್ಲ, ನೀವು ಯಾಕೆ ಕೇಳುತ್ತೀರಿ ಎಂದು ಉತ್ತರಿಸುತ್ತಿದ್ದರು. ಊರ ಉಸಾಬರಿ ಮಾಡುವವರ ಬಾಯಿ ಅಲ್ಲಿಗೆ ಬಂದ್.

ಸುರಪುರ ರಸ್ತೆಯಲ್ಲಿ ನನ್ನ ವೆಲ್ಡಿಂಗ್ ಅಂಗಡಿ. ಅದರ ಹಿಂದಿನ ಓಣಿಯಲ್ಲಿ ಅವರ ಮನೆ. ಮದುವೆ ಮಾಡಿಕೊಳ್ಳಲಿಲ್ಲ, ಒಬ್ಬರೇ ಇದ್ದರು. ನಾನು ಅವರನ್ನು ಅಕ್ಕಾರು ಎನ್ನುತ್ತಿದ್ದೆ. ಅವರು ನನ್ನನ್ನು ಮಲ್ಲಪ್ಪ ಎಂದೋ, ಸಿಟ್ಟು ಇಲ್ಲದ ದಿನ ತಮ್ಮ ಎಂದೋ ಕರೆಯುತ್ತಿದ್ದರು. ತಮ್ಮ ಎಂದು ಕರೆದ ದಿನಗಳು ಕಡಿಮೆ.

ವನದುರ್ಗದ ದಾರಿಯ ಒಂದು ಹಳ್ಳಿಯ ದೊಡ್ಡ ಮನೆಯಲ್ಲಿ ನಡೆದದ್ದನ್ನು ಎಷ್ಟು ಸಲ ಕೇಳಿದರೂ ನನಗೆ ಸಾಕೆನಿಸುತ್ತಿರಲಿಲ್ಲ. ಆ ಮನೆಯ ಸೊಸೆಗೆ ಬೇನೆ ಶುರುವಾಗಿ ಸಿಸ್ಟರಿಗೆ ಹೇಳಿ ಕಳಿಸಿದ್ದರು. ಇವರು ಹೋದರೆ ಯಜಮಾನ ಮುಂಬಾಗಿಲಲ್ಲಿ ನಿಂತು, ದನದ ಕೊಟ್ಟಿಗೆ ದಾಟಿ ಹಿಂದಿನ ಬಾಗಿಲಿನಿಂದ ಬರಬೇಕು ಎಂದನಂತೆ. ಕಾರಣ ಹೇಳಲಿಲ್ಲ. ಇವರು ಯಾವ ಕೇರಿಯಲ್ಲಿ ಹುಟ್ಟಿದವರೆಂಬುದು ಅವನಿಗೆ ಗೊತ್ತಿತ್ತು, ಕಾರಣ ಇವರಿಗೂ ಗೊತ್ತಿತ್ತು. ಅಕ್ಕಾರು ಗಾಡಿ ಬಂದ್ ಮಾಡಲೇ ಇಲ್ಲ. ಇಂಜಿನ್ನಿನ ಸದ್ದಿನ ಮೇಲೆ ಗಂಟಲೇರಿಸಿ ಹೇಳಿದರಂತೆ:

"ನನ್ನ ಗಾಡಿ ಹಿಂದಿನ ಬಾಗಲಕ್ಕ ಬರೂದಿಲ್ರಿ. ಗಾಡಿ ಬಿಟ್ಟು ನಾ ಬರೂದಿಲ್ಲ."

ಒಳಗಿನಿಂದ ಸೊಸೆ ಕೂಗಿದಳು. ಯಜಮಾನನ ಹೆಂಡತಿಯೇ ಬಂದು ಗಂಡನನ್ನು ಪಕ್ಕಕ್ಕೆ ಸರಿಸಿ ಎರಡೂ ಕದ ತೆರೆದಳು. ಹೆರಿಗೆ ಸುಸೂತ್ರವಾಗಿ ಆಯಿತು. ಅಕ್ಕಾರು ಅಷ್ಟಕ್ಕೇ ಬಿಡುವವರೇ? ಪಡಸಾಲೆಯಲ್ಲಿ ಕೂತು, ಆ ಮನೆಯವರು ಕುಡಿಯುವ ಕಪ್ಪಿನಲ್ಲೇ ಚಹಾ ತರಿಸಿಕೊಂಡು ಕುಡಿದು, ಸಕ್ಕರೆ ಕಡಿಮೆಯಾಗಿದೆ ಎಂದು ಹೇಳಿ ಬಂದರು.

ನಿವೃತ್ತಿಯಾದ ಮೇಲೂ ಗಾಡಿ ಬಿಡಲಿಲ್ಲ. ತಮ್ಮ ಹುಟ್ಟೂರು ಗೋಗಿಯಲ್ಲಿ ತಮ್ಮ ಕೈಯಲ್ಲೇ ಹುಟ್ಟಿದ ಮಕ್ಕಳ ಮದುವೆಗೆ, ಮರಣಕ್ಕೆ ಅದರ ಮೇಲೆಯೇ ಹೋಗುತ್ತಿದ್ದರು. ತೊಂದರೆ ಬಂದದ್ದು ಸ್ಟ್ಯಾಂಡಿನಿಂದ. ಹಳೆಯ ಸ್ಟ್ಯಾಂಡು ತುಕ್ಕು ಹಿಡಿದು ಬುಡಸಹಿತ ಕಿತ್ತುಹೋಯಿತು. ಗಾಡಿಯನ್ನು ಗೋಡೆಗೆ ಒರಗಿಸಿ ಇಡತೊಡಗಿದರು. ಒಂದು ಮಧ್ಯಾಹ್ನ ಅದು ಜಾರಿ ಅವರ ಮೇಲೆಯೇ ಬಿತ್ತು. ಹಾಲಿನವನು ಬರುವ ತನಕ ಅದರ ಕೆಳಗೇ ಮಲಗಿದ್ದರು. ಮೂಳೆ ಮುರಿಯಲಿಲ್ಲ, ಪುಣ್ಯ.

ಆದರೆ ಅವರ ತಮ್ಮ ತಿಪ್ಪಣ್ಣ ಯಾದಗಿರಿಯಿಂದ ಓಡಿ ಬಂದ. ಕ್ಲರ್ಕ್ ಕೆಲಸದವನು, ಒಳ್ಳೆಯವನು. ಒಳ್ಳೆಯವರ ಹೆದರಿಕೆ ಮಾತ್ರ ಬಹಳ ಕಷ್ಟ. ಗಾಡಿ ಮಾರಿಬಿಡೋಣ, ಹಳೆಯ ಗಾಡಿಗಳನ್ನು ಕೊಳ್ಳುವ ಸಾಹುಕಾರ ಒಬ್ಬ ಯಾದಗಿರಿಯಲ್ಲಿದ್ದಾನೆ ಎಂದ. ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುವ ಮಾತು. ಅಕ್ಕ ತಮ್ಮ ಇಡೀ ದಿನ ಜಗಳಾಡಿದರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಮುಂದಿನ ತಿಂಗಳು ಸಾಹುಕಾರನನ್ನು ಕರೆದುಕೊಂಡು ಬರುತ್ತೇನೆ, ಅವನೆದುರು ನೀನು ಒಬ್ಬಳೇ ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿದರೆ ನಿನ್ನ ಹತ್ತಿರವೇ ಇರಲಿ, ಇಲ್ಲದಿದ್ದರೆ ಅವನು ಒಯ್ಯುತ್ತಾನೆ ಎಂದು ತಿಪ್ಪಣ್ಣ ಹೇಳಿ ಹೋದ.

ಮರುದಿನ ಅಕ್ಕಾರು ಹೊಸ ಸ್ಟ್ಯಾಂಡು ಬೇಕೆಂದು ನನ್ನ ಅಂಗಡಿಗೆ ಬಂದರು. ನಾನು ಮೊದಲು ಆನ್‌ಲೈನಿನಲ್ಲಿ ಮಿಣಮಿಣ ಹೊಳೆಯುವ, ಹಿಂದಿನ ಚಕ್ರ ಎತ್ತುವ ಸ್ಟ್ಯಾಂಡು ತರಿಸಿದೆ. ಅದು ಹೊಸ ಗಾಡಿಗಳಿಗೆ ಮಾಡಿದ್ದು. ಹಳೆಯದರ ಸೈಲೆನ್ಸರಿಗೆ ಬಡಿದು ಒಳಗೇ ಹೋಗಲಿಲ್ಲ. ಆಮೇಲೆ ನಾನೇ ಉದ್ದ ಪೈಪು ಹಾಕಿ ಒಂದನ್ನು ಮಾಡಿದೆ. ಪೈಪನ್ನು ಕೆಳಕ್ಕೆ ಅದುಮಿದರೆ ಚಕ್ರ ಮೇಲೇಳುತ್ತಿತ್ತು. ನಾನು ಹ್ಯಾಂಡಲ್ ಹಿಡಿದುಕೊಂಡೆ, ಅಕ್ಕಾರು ಅದುಮಿದರು, ಗಾಡಿ ಎದ್ದು ನಿಂತಿತು. ಕೆಲಸ ಮುಗಿಯಿತೆಂದು ನಾನು ಕೈ ಒರೆಸಿಕೊಂಡೆ. ಅವರು ನನ್ನನ್ನೇ ನೋಡುತ್ತಾ ನಿಂತಿದ್ದರು. ನೀನು ದಿನಾ ನಮ್ಮ ಮನೆಗೆ ಹ್ಯಾಂಡಲ್ ಹಿಡಿಯಲು ಬರುತ್ತೀಯೇನು ಎಂದು ಕೇಳಿದರು. ಕರೆದರೆ ಬಂದೇನು ಎಂದೆ. ಆಗ ಅವರು ಅಂಗಡಿಯ ಬೆಂಚಿನ ಮೇಲೆ ಕೂತು, ಎಂದೂ ಹೇಳದ ಒಂದು ಮಾತು ಹೇಳಿದರು.

ಅವರು ಸಣ್ಣವರಿದ್ದಾಗ ಅವರ ತಾಯಿ ಗೋಗಿಯಲ್ಲಿ ಕಂಡವರ ಹೊಲದಲ್ಲಿ ಕೂಲಿಗೆ ಹೋಗುತ್ತಿದ್ದಳು. ಸಂಜೆ ಮೇವಿನ ಹೊರೆ ಕಟ್ಟಿಕೊಂಡು ಬರಬೇಕು. ಹೊರೆಯನ್ನು ತಲೆಗೆ ಏರಿಸಲು ಇನ್ನೊಬ್ಬರು ಬೇಕೇ ಬೇಕು. ದಾರಿಯಲ್ಲಿ ಹೋಗುವವರನ್ನು ಒಂದು ಕೈ ಹಚ್ಚಿರೆಂದು ಕರೆಯುವುದು ನಮ್ಮ ಕಡೆ ರೂಢಿ, ಯಾರೂ ಇಲ್ಲವೆನ್ನುವುದಿಲ್ಲ. ಆ ತಾಯಿಗೆ ಮಾತ್ರ ಎಲ್ಲರೂ ಇಲ್ಲವೆನ್ನುತ್ತಿದ್ದರು. ಅವಳ ಹೊರೆ ಮುಟ್ಟಿದರೆ ಮೈಲಿಗೆ.

"ಕತ್ತಲಾಗೂತನ ನಿಂದರತಿದ್ಲು ನಮ್ಮವ್ವ," ಎಂದರು ಅಕ್ಕಾರು. "ಆಮ್ಯಾಲ ಒಂದಿನ ಹೊರೀನ ಉರುಳಿಸಿಕೋತ ಒಡ್ಡಿನ ಮ್ಯಾಲ ಒಯ್ದು ಇಟ್ಲು. ತಾ ಒಡ್ಡಿನ ಕೆಳಗ ಕುಂತು, ತಲಿ ಕೊಟ್ಟು, ಎದ್ದು ನಿಂತ್ಲು. ಅವತ್ತಿನಿಂದ ಯಾರನ್ನೂ ಕರೀಲಿಲ್ಲ. ನನಗ ಹ್ಯಾಂಡಲ್ ಹಿಡಿಯವ್ರು ಬ್ಯಾಡ ಮಲ್ಲಪ್ಪ. ನನಗ ಒಡ್ಡು ಮಾಡಿ ಕೊಡು."

ನನಗೆ ಮೈ ಉರಿಯಿತು. ಹೊರೆ ಮುಟ್ಟದೆ ದಾಟಿ ಹೋದವರಲ್ಲಿ ನಮ್ಮವರೂ ಇದ್ದರೆಂದು ಗೊತ್ತಿದ್ದರಿಂದಲೇ ಇನ್ನಷ್ಟು ಉರಿಯಿತು. ಹೊಲದ ಒಡ್ಡನ್ನು ಕಬ್ಬಿಣದಲ್ಲಿ ಹೇಗೆ ಮಾಡುವುದೆಂದು ಯೋಚಿಸುತ್ತಾ ಊಟ ಬಿಟ್ಟೆ. ಕೊನೆಗೆ ಮಾಡಿದ್ದು ಇಷ್ಟು. ಅವರ ಅಂಗಳದ ಗೋಡೆಯ ಬುಡದಲ್ಲಿ ಎರಡು ಪೈಪು ನೆಟ್ಟೆ, ಮುಂದಿನ ಚಕ್ರ ಅವುಗಳ ನಡುವೆ ಸಿಕ್ಕಿಕೊಂಡರೆ ಗಾಡಿ ಅತ್ತಿತ್ತ ವಾಲುವುದಿಲ್ಲ. ಹಿಂದಿನ ಚಕ್ರ ಏರಲು ಇಳಿಜಾರಿನ ಒಂದು ಕಬ್ಬಿಣದ ಹಲಗೆ. ಗಾಡಿ ತನ್ನ ಇಂಜಿನ್ನಿನ ಬಲದಲ್ಲೇ ಅದನ್ನು ಏರಬೇಕು. ಏರಿದ ಮೇಲೆ, ಗಾಡಿಯ ಹಿಂಭಾಗಕ್ಕೆ ಬೋಲ್ಟ್ ಹಾಕಿದ ಹೊಸ ಸ್ಟ್ಯಾಂಡನ್ನು ಕಾಲಿನಿಂದ ಕೆಳಗೆ ತುಳಿದು, ಹಲಗೆಯನ್ನು ಒದ್ದು ತೆಗೆದರೆ ಆಯಿತು. ಎತ್ತುವ ಮಾತೇ ಇಲ್ಲ. ತುಳಿಯುವ ಪಟ್ಟಿ ಎಲ್ಲಿರಬೇಕೆಂದು ತಿಳಿಯಲು ಅವರನ್ನು ಬರಿಗಾಲಲ್ಲಿ ನಿಲ್ಲಿಸಿ, ನೋವಿರುವ ಮೊಣಕಾಲು ಎಷ್ಟು ಮೇಲೇಳುತ್ತದೋ ಅಲ್ಲಿಗೇ ಗುರುತು ಹಾಕಿದೆ.

ತಿಪ್ಪಣ್ಣ ಸಾಹುಕಾರನ ಜೊತೆ ಬಂದ ದಿನ ಓಣಿಯೆಲ್ಲ ಅಂಗಳದಲ್ಲಿತ್ತು. ಅಕ್ಕಾರು ನೆರಿಗೆ ಸಿಕ್ಕಿಸಿ ಗಾಡಿ ಚಾಲೂ ಮಾಡಿದರು. ಮುಂದಿನ ಚಕ್ರ ಪೈಪುಗಳ ನಡುವೆ ಹೋಯಿತು, ಹಿಂದಿನದು ಹಲಗೆ ಏರಿತು. ಗೇರ್ ತೆಗೆದು, ಇಳಿದು, ಸ್ಟ್ಯಾಂಡು ತುಳಿದರು. ಹಲಗೆಯನ್ನು ಒದ್ದರೆ ಅದು ಬರಲಿಲ್ಲ. ಇನ್ನೊಮ್ಮೆ ಒದ್ದರು, ಬರಲಿಲ್ಲ. ಸಾಹುಕಾರ ನಕ್ಕ. ತಿಪ್ಪಣ್ಣನ ಮುಖ ಬಾಡಿತು. ಅಕ್ಕ ಸೋಲುವುದು ಅವನಿಗೂ ಬೇಕಿರಲಿಲ್ಲವೆಂದು ನನಗೆ ಆಗ ತಿಳಿಯಿತು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅಕ್ಕಾರು ನನ್ನ ಕಡೆ ನೋಡಿದ ನೋಟಕ್ಕೆ ಹಾಗೆಯೇ ಹಿಂದಕ್ಕೆ ಬಂದೆ. ಅವರು ಚಪ್ಪಲಿ ಕಳಚಿ, ಹಿಮ್ಮಡಿಯಿಂದ ಒದ್ದರು. ಹಲಗೆ ಠಣ್ ಎಂದು ಹೊರಬಿತ್ತು. ಗಾಡಿ ಸ್ಟ್ಯಾಂಡಿನ ಮೇಲೆ ಕೂತಿತು. ಅವರು ಹಿಂದಿನ ಚಕ್ರವನ್ನು ಒಂದು ಬೆರಳಿನಿಂದ ತಿರುಗಿಸಿ ಸಾಹುಕಾರನಿಗೆ ಹೇಳಿದರು:

"ಚಹಾ ಕುಡದು ಹೋಗ್ರಿ. ಗಾಡಿ ಇಲ್ಲೇ ಇರ್ತೈತಿ."

ಇತ್ತು. ಅವರು ಇರುವ ತನಕ ಇತ್ತು. ಹೋದ ವರ್ಷ ಜ್ವರ ಬಂದು ಯಾದಗಿರಿಯ ಆಸ್ಪತ್ರೆಗೆ ಸೇರಿದವರು ತಿರುಗಿ ಬರಲಿಲ್ಲ. ಮಣ್ಣು ಕೊಟ್ಟು ಬಂದ ದಿನ ಆ ಓಣಿ ನನಗೆ ಬೇಡವೆನಿಸಿತು.

ತಿಪ್ಪಣ್ಣ ಗಾಡಿಯನ್ನು ಅದೇ ಸಾಹುಕಾರನಿಗೆ ಕೊಟ್ಟ. ತಿಪ್ಪಣ್ಣನಿಗೆ ಓಡಿಸಲು ಬಾರದು, ದಿನಾ ನೋಡಿ ಅಳಲೂ ಆಗದು; ಅವನ ಮೇಲೆ ನನಗೆ ಸಿಟ್ಟಿಲ್ಲ. ಗಾಡಿ ಒಯ್ಯಲು ಸಾಹುಕಾರ ನಾಲ್ಕು ಜನರನ್ನು ಕರೆತಂದಿದ್ದ. ನಾನು ಪಾನಾ ತೆಗೆದುಕೊಂಡು ಹೋಗಿ ಸ್ಟ್ಯಾಂಡಿನ ಬೋಲ್ಟ್ ಬಿಚ್ಚತೊಡಗಿದೆ. ಗಾಡಿಯ ಜೊತೆ ಅದೂ ತನ್ನದೇ ಎಂದ ಸಾಹುಕಾರ.

"ಇದು ಗಾಡೀದಲ್ರಿ," ಎಂದೆ. "ಅಕ್ಕಾರ ಕಾಲಿನ ಅಳತೀದು."

ತಿಪ್ಪಣ್ಣ ಬಿಚ್ಚಲಿ ಬಿಡ್ರಿ ಎಂದ. ಬೋಲ್ಟ್ ಕಳಚಿದ್ದೇ ಗಾಡಿಯ ಹಿಂಭಾಗ ಕುಸಿಯಿತು, ನಾಲ್ಕೂ ಜನ ಓಡಿ ಬಂದು ಹಿಡಿದುಕೊಂಡರು. ಇದನ್ನು ಒಯ್ದುಬಿಟ್ಟರೆ ನಾವು ಗಾಡಿ ನಿಲ್ಲಿಸುವುದು ಹೇಗೆ ಎಂದು ಅವರಲ್ಲೊಬ್ಬ ಕೇಳಿದ. ನಾನು ಸ್ಟ್ಯಾಂಡನ್ನು ಹೆಗಲಿಗೆ ಹಾಕಿಕೊಂಡೆ.

"ಅಕ್ಕಾರು ಒಬ್ಬರೇ ನಿಲ್ಲಸ್ತಿದ್ರು. ನೀವು ನಾಕು ಮಂದಿ ಅದೀರಿ."