ಟಾವೆಲ್ ಹೊದ್ದ ಫೋನು

ನವಲಗುಂದದ ಕಡೆಯ ಹಳ್ಳಿಗಳಿಗೆ ಆಗಷ್ಟೇ ತಂತಿಯಿಲ್ಲದ ರೇಡಿಯೋ ಫೋನು ಬಂದಿತ್ತು. ನಾಲ್ಕೈದು ಹಳ್ಳಿಗೆ ಸೇರಿ ಒಂದೇ ಚಾನೆಲ್. ಒಬ್ಬರು ರಿಸೀವರ್ ಎತ್ತಿದರೆ, ಅವರು ಇಡುವವರೆಗೆ ಉಳಿದವರು ಕಾಯಬೇಕು. ರಿಪೇರಿ ಕೆಲಸ ನನ್ನದು. ಫೋನು ಹತ್ತುತ್ತಿಲ್ಲವೆಂದು ಎಲ್ಲ ಕಡೆಯಿಂದ ದೂರು ಬಂತು, ಒಂದು ಹಳ್ಳಿ ಬಿಟ್ಟು. ಗುಮಾನಿಯಾಗಿ ಆ ಹಳ್ಳಿಗೇ ಹೋದೆ.

ಬಸಪ್ಪ ಕಾಕಾನ ಕಿರಾಣಿ ಅಂಗಡಿಯಲ್ಲಿ ಫೋನಿತ್ತು. ರಿಸೀವರನ್ನು ತೆಗೆದು ಜೋಳದ ಚೀಲದ ಮೇಲೆ ಮಲಗಿಸಿ, ಟಾವೆಲ್ ಹೊದಿಸಿದ್ದರು.

"ಇದೇನ್ರಿ ಕಾಕಾ?"

"ಲೈನ್ ಹಿಡದೀವ್ರಿ. ಇಟ್ಟಬಿಟ್ರ ಬಾಜೂಕಿನ ಊರಾವ್ರು ಹಿಡಕೋತಾರ."

"ಹಿಡದು ಯಾರ ಜೋಡಿ ಮಾತಾಡ್ತೀರಿ?"

"ಮಾತಾಡಾಕ ಏನೈತ್ರಿ? ಬೇಕಾದಾಗ ಇರ್ಲಿ ಅಂತ."

"ನಿನ್ನೆ ಬಾಜೂಕಿನ ಊರಾಗ ಹೆರಿಗಿ ಬ್ಯಾನಿ ಬಂದಾಕಿಗೆ ಜೀಪ್ ಕರಸಾಕ ಫೋನ್ ಹತ್ತಲಿಲ್ಲ. ಟ್ರ್ಯಾಕ್ಟರಿನ್ಯಾಗ ಒಯ್ದಾರ, ದಾರ್‍ಯಾಗ ಹಡದಾಳ!" ಎಂದು ಚೀರಿದೆ.

ಕಾಕಾ ಲೊಚಗುಟ್ಟಿದರು. "ಪಾಪ. ಅವರಿಗೂ ಹೇಳ್ರಿ, ನಸಕಿನ್ಯಾಗ ಎದ್ದು ನಮಗಿಂತ ಮೊದಲ ಹಿಡೀಲಿ."

ಟಾವೆಲ್ ಕಿತ್ತು ಅವರ ಕೈಗಿತ್ತು, ರಿಸೀವರ್ ಇಟ್ಟೆ.

ಸಂಜೆ ಬಸ್ಸು ಬಂದು ತಿರುಗಿ ನಿಂತಿತು. ಬಾಗಿಲಿಗೆ ಜನ ಮುಗಿಬಿದ್ದರು. ನನ್ನನ್ನು ಕಳಿಸಲು ಬಂದಿದ್ದ ಕಾಕಾ, ಬೇಡವೆನ್ನುವಷ್ಟರಲ್ಲಿ, ಅದೇ ಟಾವೆಲನ್ನು ಕಿಟಕಿಯಿಂದ ಒಳಗೆ ಒಗೆದರು. "ಹೋಗ್ರಿ ಸಾಹೇಬ್ರ, ಸೀಟ್ ಹಿಡದೀನಿ."

ಹೇಗೋ ನುಗ್ಗಿ ಒಳಗೆ ಹೋದೆ. ಬಸ್ಸು ತುಂಬಿತ್ತು. ಖಾಲಿಯಿದ್ದದ್ದು ಟಾವೆಲ್ ಬಿದ್ದ ಸೀಟೊಂದೇ. ಅದರ ಬಾಜೂಕೇ ಕೂಸನ್ನೆತ್ತಿಕೊಂಡ ಹೆಂಗಸೊಬ್ಬಳು ನಿಂತಿದ್ದಳು. ನಾನು ಸೀಟಿನತ್ತ ಬಂದದ್ದನ್ನು ಕಂಡು ಕೈ ಅಡ್ಡ ಹಿಡಿದಳು.

"ಕೂಡಬ್ಯಾಡ್ರಿ, ಯಾರೋ ಹಿಡದಾರ."